ಹಡಗು ಹತ್ತುವ ಮುನ್ನ: ಸಮುದ್ರಯಾನ ದೋಷದ ವಿಚಾರ

ಸಮುದ್ರಯಾನವನ್ನು ಧರ್ಮಶಾಸ್ತ್ರಗಳು ದೋಷವೆಂದು ಎಣಿಸಿವೆ. ಆ ದೋಷ ಇರುವುದು ಎಲ್ಲಿ? ಉಪ್ಪುನೀರಿನಲ್ಲಿಯೇ, ಹಡಗಿನ ಅಡುಗೆಮನೆಯಲ್ಲಿಯೇ, ಆಚೆ ದಡದ ನೆಲದಲ್ಲಿಯೇ ಅಥವಾ ಪ್ರಯಾಣಿಕನ ನಡತೆಯಲ್ಲಿಯೇ? ಈ ಪ್ರಶ್ನೆಗೆ ಶಾಸ್ತ್ರಕಾರರು ಒಂದೇ ಉತ್ತರ ಕೊಟ್ಟಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬಂದು, ಓದಿಗೆ, ವ್ಯಾಪಾರಕ್ಕೆ, ಕೂಲಿಗೆ, ಯುದ್ಧಕ್ಕೆ ಜನ ಕಡಲು ದಾಟತೊಡಗಿದಾಗ ಅದೇ ಪ್ರಶ್ನೆ ಮನೆಮನೆಯ ಸಂಕಟವಾಯಿತು. ಹಡಗು ಹತ್ತುವ ಮೊದಲು ಏನು ಮಾಡಿದರೆ ದೋಷ ತಟ್ಟುವುದಿಲ್ಲ, ಇಳಿದ ಮೇಲೆ ಏನು ಮಾಡಿದರೆ ಕಳೆಯುತ್ತದೆ ಎಂದು ಜನ ಪುರೋಹಿತರನ್ನೂ ಮಠಗಳನ್ನೂ ಜಾತಿಯ ಯಜಮಾನರನ್ನೂ ಕೇಳಿದರು. ಇಂದು ಮುಂಬಯಿಯಲ್ಲಿ ವಿಹಾರದ ಹಡಗು ಹತ್ತಿ ಲಕ್ಷದ್ವೀಪದ ಕಡೆ ಹೊರಡುವ ಆಚಾರವಂತ ಹಿರಿಯರೂ ಮೆಲುದನಿಯಲ್ಲಿ ಕೇಳುವುದು ಅದನ್ನೇ.

ನಿಷೇಧದ ಅತಿ ಹಳೆಯ ಮಾತುಗಳಲ್ಲಿ ಒಂದು ಬೌಧಾಯನ ಧರ್ಮಸೂತ್ರದ್ದು. ಪತನಕ್ಕೆ ಕಾರಣವಾಗುವ ಕೆಲಸಗಳ ಪಟ್ಟಿಯಲ್ಲಿ ಬೌಧಾಯನರು ಸಮುದ್ರಸಂಯಾನವನ್ನು ಮೊದಲಿಗೇ ಇಡುತ್ತಾರೆ. ನಂಬಿ ಇಟ್ಟ ಒಡವೆಯನ್ನು ನುಂಗುವುದು, ಭೂಮಿಯ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳುವುದು ಅದರ ನಂತರ ಬರುತ್ತವೆ. ಪ್ರಾಯಶ್ಚಿತ್ತವೂ ಕಠಿಣವೇ: ಮೂರು ವರ್ಷ, ನಾಲ್ಕನೆಯ ಊಟದ ಹೊತ್ತಿಗೊಮ್ಮೆ ಮಾತ್ರ ಸ್ವಲ್ಪ ಆಹಾರ, ದಿನಕ್ಕೆ ಮೂರು ಸ್ನಾನ, ಹಗಲು ನಿಂತು ಇರುಳು ಕುಳಿತು ಕಾಲ ಕಳೆಯುವುದು. ಆದರೆ ಅದೇ ಬೌಧಾಯನರು ಉತ್ತರದೇಶದವರ ವಿಶೇಷ ಆಚಾರಗಳನ್ನು ಹೇಳುವಾಗ ಉಣ್ಣೆಯ ವ್ಯಾಪಾರದ ಜೊತೆಗೆ ಸಮುದ್ರಯಾನವನ್ನೂ ಸೇರಿಸುತ್ತಾರೆ. ಒಂದು ಸೀಮೆಯ ರೂಢಿ ಇನ್ನೊಂದು ಸೀಮೆಯ ಪಾತಕ ಎಂಬ ಸ್ಥಿತಿ ಆಗಲೇ ಇತ್ತೆಂದು ಇದರಿಂದ ತಿಳಿಯುತ್ತದೆ.

ಮನುಸ್ಮೃತಿಯಲ್ಲೂ ಇದೇ ಇಬ್ಬಗೆ ಕಾಣುತ್ತದೆ. ಶ್ರಾದ್ಧಕ್ಕೆ ಕರೆಯಬಾರದವರ ಸಾಲಿನಲ್ಲಿ ಮನೆಗೆ ಬೆಂಕಿ ಇಟ್ಟವನು, ವಿಷ ಹಾಕಿದವನು, ಸುಳ್ಳುಸಾಕ್ಷಿ ಹೇಳಿದವನು, ಇವರ ನಡುವೆ ಸಮುದ್ರಯಾಯಿಯೂ ಕುಳಿತಿದ್ದಾನೆ. ಎಂಟನೆಯ ಅಧ್ಯಾಯಕ್ಕೆ ಬಂದರೆ, ಕಡಲ ಸಂಚಾರದಲ್ಲಿ ನುರಿತವರು ಯಾವ ಬಡ್ಡಿ ನಿಗದಿ ಮಾಡುತ್ತಾರೋ ಅದೇ ಪ್ರಮಾಣ ಎಂದು ಮನುವೇ ಒಪ್ಪುತ್ತಾನೆ. ಯಾಜ್ಞವಲ್ಕ್ಯಸ್ಮೃತಿ ಲೆಕ್ಕವನ್ನೇ ಕೊಡುತ್ತದೆ: ಕಾಡು ದಾಟಿ ಹೋಗುವ ಸಾಲಗಾರ ತಿಂಗಳಿಗೆ ನೂರಕ್ಕೆ 10, ಕಡಲು ದಾಟುವವನು ನೂರಕ್ಕೆ 20 ಬಡ್ಡಿ ತೆರಬೇಕು. ಮೂಲವೇ ಮುಳುಗಿಹೋಗುವ ಭಯ ಇರುವುದರಿಂದ ಬಡ್ಡಿ ಇಮ್ಮಡಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಇದ್ದವರು. ಶ್ರಾದ್ಧದ ಪಂಕ್ತಿಯಿಂದ ದೂರ ಇಟ್ಟ ಮನುಷ್ಯನಿಗೆ ಸಾಲದ ಶಾಸ್ತ್ರದಲ್ಲಿ ಗೌರವದ ಜಾಗವಿತ್ತು. ಕಡಲಯಾನ ಇಡೀ ಸಮಾಜಕ್ಕೇ ನಿಷಿದ್ಧವಾಗಿದ್ದರೆ ಅದರ ಬಡ್ಡಿಯ ದರವನ್ನು ಧರ್ಮಶಾಸ್ತ್ರ ಗೊತ್ತುಮಾಡುವ ಪ್ರಸಂಗವೇ ಬರುತ್ತಿರಲಿಲ್ಲ.

ಆಚರಣೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಋಗ್ವೇದದಲ್ಲಿ ಕಡಲ ನಡುವೆ ಸಿಕ್ಕಿಬಿದ್ದ ಭುಜ್ಯುವನ್ನು ಅಶ್ವಿನಿ ದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ಮನೆಗೆ ತಲುಪಿಸುತ್ತಾರೆ. ಅಲ್ಲಿ ಭುಜ್ಯುವಿನ ಮೇಲೆ ದೋಷದ ಮಾತಿಲ್ಲ. ಆಗ್ನೇಯ ಏಷ್ಯಾದ ಕಾಂಬೋಜದಲ್ಲೂ ಚಂಪಾದಲ್ಲೂ ಸಂಸ್ಕೃತ ಶಾಸನಗಳನ್ನು ಬರೆದ, ಶಿವಾಲಯ ವಿಷ್ಣ್ವಾಲಯಗಳಲ್ಲಿ ಪೂಜೆ ನಡೆಸಿದ ಬ್ರಾಹ್ಮಣ ಪರಂಪರೆ ಅಲ್ಲಿಗೆ ಬಂದದ್ದು ಭಾರತದಿಂದ. ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ 1088ರಲ್ಲಿ ಸುಮಾತ್ರಾದ ಬಾರೂಸಿನಲ್ಲಿ ತಮಿಳು ಶಾಸನ ಹಾಕಿಸಿದೆ. ಮಲಪ್ರಭೆಯ ದಡದ ಒಂದು ಊರಿನ ಹೆಸರು ಹಿಂದೂ ಮಹಾಸಾಗರದ ಆಚೆ ಕಲ್ಲಿನ ಮೇಲೆ ನಿಂತಿದೆ.

ಇನ್ನೂ ಹತ್ತಿರದ ಸಾಕ್ಷಿ ಕನ್ನಡ ಮನೆಗಳ ನಡುಮನೆಯಲ್ಲೇ ಇದೆ. ಹುಣ್ಣಿಮೆಗೋ ಗೃಹಪ್ರವೇಶಕ್ಕೋ ಸತ್ಯನಾರಾಯಣ ಪೂಜೆ ನಡೆದಾಗ ಸಪಾದಭಕ್ಷ್ಯದ ಪರಿಮಳದ ನಡುವೆ ಎಲ್ಲರೂ ಕೂತು ಕೇಳುವ ಕಥೆಯಲ್ಲಿ ಒಬ್ಬ ವೈಶ್ಯ, ಅಂದರೆ ದ್ವಿಜ, ಅಳಿಯನೊಂದಿಗೆ ದೋಣಿ ತುಂಬ ಸರಕು ಹೇರಿಕೊಂಡು ವ್ಯಾಪಾರಕ್ಕೆ ಹೋಗುತ್ತಾನೆ. ದೋಣಿಯಲ್ಲೇನಿದೆ ಎಂದು ಸನ್ಯಾಸಿ ಕೇಳಿದಾಗ ಬಳ್ಳಿ ಎಲೆ ಎಂದು ಸುಳ್ಳಾಡುತ್ತಾನೆ. ಸರಕು ಬಳ್ಳಿ ಎಲೆಯೇ ಆಗುತ್ತದೆ. ಮಗಳು ಕಲಾವತಿ ಗಂಡ ಬಂದನೆಂಬ ಸಂಭ್ರಮದಲ್ಲಿ ಪ್ರಸಾದ ಬಿಟ್ಟು ಓಡುತ್ತಾಳೆ, ದೋಣಿಯೇ ಕಾಣದಾಗುತ್ತದೆ. ಆ ಕಥೆಯಲ್ಲಿ ಶಿಕ್ಷೆ ಸಿಗುವುದು ಹರಕೆ ಮರೆತದ್ದಕ್ಕೆ, ಸುಳ್ಳಿಗೆ, ಪ್ರಸಾದದ ಅಲಕ್ಷ್ಯಕ್ಕೆ. ದೋಣಿ ಹತ್ತಿದ್ದಕ್ಕೆ ಅಲ್ಲ. ವ್ಯಾಪಾರಕ್ಕೆ ಹೋದದ್ದೇ ತಪ್ಪೆಂದು ಕಥೆ ಎಲ್ಲೂ ಹೇಳುವುದಿಲ್ಲ.

ಹಾಗಾದರೆ ನಿಷೇಧ ಬಿಗಿಯಾದದ್ದು ಯಾವಾಗ? ಮಧ್ಯಯುಗದ ನಿಬಂಧಕಾರರು 'ಕಲಿವರ್ಜ್ಯ' ಎಂಬ ಪಟ್ಟಿಗಳನ್ನು ಮಾಡಿದರು. ಹಿಂದಿನ ಯುಗಗಳಲ್ಲಿ ನಡೆಯುತ್ತಿದ್ದರೂ ಕಲಿಯುಗದಲ್ಲಿ ಮಾಡಬಾರದ ಕೆಲಸಗಳ ಪಟ್ಟಿ ಅದು. ಬೃಹನ್ನಾರದೀಯ ಪುರಾಣದ ಪಟ್ಟಿ ಸಮುದ್ರಯಾತ್ರೆಯಿಂದಲೇ ಆರಂಭವಾಗುತ್ತದೆ. ದೇವಗಿರಿಯ ಸೇವುಣರ ಮಂತ್ರಿ ಹೇಮಾದ್ರಿಯ ಗ್ರಂಥದಿಂದ ಹಿಡಿದು, ಕಮಲಾಕರ ಭಟ್ಟರ ನಿರ್ಣಯಸಿಂಧು, ಕಾಶೀನಾಥ ಉಪಾಧ್ಯಾಯರ ಧರ್ಮಸಿಂಧುವಿನವರೆಗೆ ಕಲಿವರ್ಜ್ಯದ ವಿಚಾರ ಸಾಗಿ ಬಂತು. ಕೊನೆಯ ಎರಡು ಗ್ರಂಥಗಳು ಕರ್ನಾಟಕದ ಪುರೋಹಿತರ ಕೈಪಿಡಿಗಳೇ. ನಾವೆಯಲ್ಲಿ ಕಡಲಿಗೆ ಹೋದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನನ್ನು ಒಳಗೆ ಸೇರಿಸಿಕೊಳ್ಳಬಾರದೆಂಬ ಕಲಿವರ್ಜ್ಯದ ವಚನ ಬೌಧಾಯನರಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಯಿತು. ಬೌಧಾಯನರು ಮೂರು ವರ್ಷದ ನಂತರವಾದರೂ ಬಾಗಿಲು ತೆರೆದಿದ್ದರು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಕಲಿವರ್ಜ್ಯಗಳಲ್ಲಿ ಸನ್ಯಾಸವೂ ಇದೆ, ಅಗ್ನಿಹೋತ್ರವೂ ಇದೆ. ಕಲಿಯುಗದಲ್ಲಿ ಬಿಡಬೇಕಾದ ಐದು ಕೆಲಸಗಳನ್ನು ಹೇಳುವ ಪ್ರಸಿದ್ಧ ವಚನವೊಂದು ಇವೆರಡನ್ನೂ ಹೆಸರಿಸುತ್ತದೆ. ಆದರೂ ಶಂಕರರು ಸನ್ಯಾಸಿಗಳಾದರು, ಮಧ್ವರು ಸನ್ಯಾಸಿಗಳಾದರು, ಶೃಂಗೇರಿಯೂ ಉಡುಪಿಯೂ ಸನ್ಯಾಸ ಪರಂಪರೆಯ ಮೇಲೆಯೇ ನಿಂತವು. ವರ್ಣವ್ಯವಸ್ಥೆಯೂ ವೇದವೂ ಇರುವವರೆಗೆ ಸನ್ಯಾಸ ಅಗ್ನಿಹೋತ್ರಗಳಿಗೆ ಅಡ್ಡಿಯಿಲ್ಲ ಎಂಬ ಇನ್ನೊಂದು ವಚನವನ್ನು ಮುಂದಿಟ್ಟು ವ್ಯಾಖ್ಯಾನಕಾರರು ದಾರಿ ಮಾಡಿದರು. ಅದು ಸರಿಯಾದ ಕೆಲಸ. ಶಾಸ್ತ್ರ ಬದುಕುವುದೇ ಹಾಗೆ. ಆದರೆ ಸನ್ಯಾಸಕ್ಕೆ ವ್ಯಾಖ್ಯಾನದ ದಾರಿ ತೆರೆದವರು ಸಮುದ್ರಯಾನಕ್ಕೆ ಮಾತ್ರ ಪಟ್ಟಿಯ ಅಕ್ಷರವನ್ನೇ ಹಿಡಿದರೆ ಅದಕ್ಕೆ ಶಾಸ್ತ್ರದ ಬಲ ಸಾಲದು.

ಸಮುದ್ರ ಅಶುದ್ಧವೆಂಬ ಭಾವನೆಯೂ ಶಾಸ್ತ್ರದ್ದಲ್ಲ. ಕಡಲನ್ನು ಪರ್ವದಿನಗಳಲ್ಲದೆ ಮುಟ್ಟಬಾರದು ಎಂಬ ಸಂಪ್ರದಾಯವಿದೆ. ಅದು ಅಶ್ವತ್ಥವೃಕ್ಷದ ಬಗ್ಗೆ ಇರುವ ನಿಯಮದ ಜೊತೆಯದು. ಕಾರಣ ಪೂಜ್ಯತೆ, ಹೊಲಸಲ್ಲ. ಗೋಕರ್ಣಕ್ಕೆ ಹೋದವರು ಮೊದಲು ಕಡಲಲ್ಲಿ ಮಿಂದು ಆಮೇಲೆ ಮಹಾಬಲೇಶ್ವರನ ದರ್ಶನಕ್ಕೆ ಹೋಗುತ್ತಾರೆ. ಕಲಿಯುಗಕ್ಕೆಂದೇ ಹೇಳಿದ ಪರಾಶರಸ್ಮೃತಿ ಬ್ರಹ್ಮಹತ್ಯೆ ಮಾಡಿದವನಿಗೂ ಸೇತುವಿನ ಕಡಲನ್ನು ಕಂಡು ಪಾಪ ಕಳೆದುಕೊಳ್ಳುವ ದಾರಿ ತೋರಿಸುತ್ತದೆ. ಕಂಡರೆ ಮಹಾಪಾತಕ ತೊಳೆಯುವ ನೀರು ದಾಟಿದರೆ ಪಾತಕ ಅಂಟಿಸುತ್ತದೆ ಎಂಬುದು ಹೊಂದುವ ಮಾತಲ್ಲ. ಆದ್ದರಿಂದ ದೋಷವನ್ನು ನೀರಿನಾಚೆ ಹುಡುಕಬೇಕು.

ಹುಡುಕಿದರೆ ಅದು ಸಿಗುವುದು ಹಡಗಿನ ದಿನಚರಿಯಲ್ಲಿ. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಕುಡಿಯುವ ನೀರು ಎಲ್ಲರಿಗೂ ಒಂದೇ ಪೀಪಾಯಿಯಿಂದ. ಸಿಹಿನೀರಿನ ಸ್ನಾನ ಕನಸಿನ ಮಾತು. ಒಲೆ ಒಂದು, ಅಡುಗೆಯವನು ಯಾರೋ. ಮೂರು ಹೊತ್ತಿನ ಸಂಧ್ಯೆ, ಪಿತೃಗಳ ತಿಥಿ, ಮಡಿ, ಪಂಕ್ತಿ ಎಲ್ಲವೂ ತಪ್ಪುತ್ತಿದ್ದವು. ಶಾಸ್ತ್ರಕಾರರ ಆತಂಕ ಈ ತಪ್ಪುವಿಕೆಯದೆಂದು ಓದುವುದೇ ನ್ಯಾಯ. ಇದನ್ನು ಚೆನ್ನಾಗಿ ಬಲ್ಲವರು ಬಂಗಾಳದ ಸಿಪಾಯಿಗಳು. 1824ರಲ್ಲಿ ಬರ್ಮಾ ಯುದ್ಧಕ್ಕೆ ಹೊರಡಬೇಕಾಗಿದ್ದ ಬರಾಕ್‌ಪುರದ ಪಡೆ ದಂಗೆಯೆದ್ದುದರ ಹಿಂದೆ ಕಡಲ ಭಯದ ಜೊತೆಗೆ ತಮ್ಮ ತಮ್ಮ ಅಡುಗೆಯ ಪಾತ್ರೆಗಳನ್ನು ಸಾಗಿಸುವ ಎತ್ತುಗಳು ಸಿಗದ ಸಂಕಟವೂ ಇತ್ತು. ಹೊಸದಾಗಿ ಸೇರುವ ಸಿಪಾಯಿ ಕಡಲಾಚೆಗೂ ಹೋಗಲು ಒಪ್ಪಲೇಬೇಕೆಂದು 1856ರಲ್ಲಿ ಕಾನೂನು ಬಂತು, ಮರುವರ್ಷವೇ ಮಹಾದಂಗೆ.

ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಕೂಲಿಗಳಿಗೆ ಪಾತ್ರೆಯ ಆಯ್ಕೆಯೂ ಇರಲಿಲ್ಲ. 1834ರಿಂದ ಮಾರಿಷಸ್‌ಗೆ, ಆಮೇಲೆ ಗಯಾನಾ, ಟ್ರಿನಿಡಾಡ್, ಫಿಜಿಗಳಿಗೆ ಹತ್ತು ಲಕ್ಷಕ್ಕೂ ಮಿಕ್ಕ ಜನ ಹಡಗಿನಲ್ಲಿ ಹೋದರು. ಒಂದೇ ಅಡುಗೆ, ಒಂದೇ ನೆಲ, ಒಂದೇ ಕಾಯಿಲೆ. ಊರಿನಲ್ಲಿ ಪರಸ್ಪರ ನೆರಳು ಸೋಕದವರು ಹಡಗಿನಲ್ಲಿ 'ಜಹಾಜಿ ಭಾಯಿ'ಗಳಾದರು. ಈ ನಂಟು ರಕ್ತಸಂಬಂಧದಷ್ಟೇ ಗಟ್ಟಿಯಾಗಿ ತಲೆಮಾರುಗಳ ಕಾಲ ಉಳಿಯಿತು. ಜಾತಿ ಕಳೆಯುತ್ತದೆಂದು ಶಾಸ್ತ್ರಿಗಳು ಹೆದರಿದ್ದು ಸುಳ್ಳಲ್ಲ. ಹಡಗು ನಿಜಕ್ಕೂ ಜಾತಿಯನ್ನು ಸಡಿಲಿಸಿತು. ಆದರೆ ಧರ್ಮ ಕಳೆಯಲಿಲ್ಲ. ತುಳಸಿದಾಸರ ರಾಮಾಯಣವನ್ನು ಅವರು ಆ ದ್ವೀಪಗಳಿಗೆ ಒಯ್ದರು, ಅಲ್ಲಿ ಅದನ್ನು ಈಗಲೂ ಹಾಡುತ್ತಾರೆ.

ಹಡಗು ಹತ್ತುವ ಮುನ್ನವೇ ದೋಷಕ್ಕೆ ಪರಿಹಾರ ಕಂಡುಕೊಂಡವರಲ್ಲಿ ಇಬ್ಬರ ಉದಾಹರಣೆ ಪಕ್ಕಪಕ್ಕದಲ್ಲಿಟ್ಟು ನೋಡುವಂಥದು. ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟಾಗ 'ಒಲಿಂಪಿಯಾ' ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದ. ಅದರೊಳಗೆ ಕೃಷ್ಣನಿಗೆ ಗುಡಿ ಮಾಡಿಸಿದ. ಬೆಳ್ಳಿಯ ನಾಣ್ಯಗಳನ್ನು ಕರಗಿಸಿ ಮಾಡಿಸಿದ ಮಹಾಕುಂಭಗಳಲ್ಲಿ ಗಂಗಾಜಲ ತುಂಬಿಸಿಕೊಂಡ, ಲಂಡನ್ನಿನ ನೀರು ಮುಟ್ಟುವ ಪ್ರಸಂಗ ಬಾರದಿರಲೆಂದು. ಅವುಗಳಲ್ಲಿ ಎರಡು ಈಗಲೂ ಜಯಪುರದ ಅರಮನೆಯಲ್ಲಿವೆ. ಒಂದೊಂದೂ ಆಳೆತ್ತರ, ಖಾಲಿ ಕುಂಭದ ತೂಕವೇ 345 ಕಿಲೋ, ಹಿಡಿಯುವ ನೀರು ಸುಮಾರು 4000 ಲೀಟರ್.

ಇನ್ನೊಬ್ಬರು ಹದಿನೆಂಟು ವರ್ಷದ ಮೋಹನದಾಸ ಗಾಂಧಿ. 1888ರಲ್ಲಿ ಮುಂಬಯಿಯ ಮೋಢ ಬನಿಯಾ ಜಾತಿಯ ಯಜಮಾನ ಪಂಚಾಯಿತಿ ಕರೆದು, ಕಡಲು ದಾಟುವುದು ಧರ್ಮಕ್ಕೆ ವಿರುದ್ಧ, ಹೋಗಬೇಡ ಎಂದರು. ಗಾಂಧಿ ಒಪ್ಪದಿದ್ದಾಗ ಬಹಿಷ್ಕಾರ ಹಾಕಿ, ಅವರಿಗೆ ಸಹಾಯ ಮಾಡಿದವರಿಗೆ, ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದರು. ತಾಯಿ ಪುತಲೀಬಾಯಿಯ ಚಿಂತೆ ಬೇರೆ. ಓದಲು ಇಂಗ್ಲೆಂಡಿಗೆ ಹೊರಟ ಮಗ ಅಲ್ಲಿ ಏನು ತಿನ್ನುತ್ತಾನೆ, ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಆಕೆಯ ಪ್ರಶ್ನೆ. ಜೈನಮುನಿ ಬೇಚರ್‌ಜಿ ಸ್ವಾಮಿಗಳ ಎದುರು ಮದ್ಯ, ಮಾಂಸ, ಸ್ತ್ರೀಸಂಗ ಮುಟ್ಟುವುದಿಲ್ಲ ಎಂದು ಮಗ ಆಣೆ ಮಾಡಿದ ಮೇಲೆ ಒಪ್ಪಿದರು. ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ಯಾವ ತಿಂಡಿಯಲ್ಲಿ ಮಾಂಸವಿಲ್ಲ ಎಂದು ಬಡಿಸುವವರನ್ನು ಕೇಳಲು ಆ ಹುಡುಗನಿಗೆ ಸಂಕೋಚ. ಊಟದ ಮೇಜಿಗೆ ಹೋಗದೆ, ಮನೆಯಿಂದ ಕಟ್ಟಿಕೊಟ್ಟ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ತಿನ್ನುತ್ತ ತಮ್ಮ ಕೋಣೆಯಲ್ಲಿ ದಿನ ಕಳೆದರು.

ಮಹಾರಾಜ ನೀರನ್ನು ಹೊತ್ತೊಯ್ದ, ಗಾಂಧಿ ಆಣೆಯನ್ನು. ಇಬ್ಬರ ಶ್ರದ್ಧೆಯೂ ಪ್ರಾಮಾಣಿಕವೇ. ಆದರೆ ಬೆಳ್ಳಿಯ ಕುಂಭ ದೊರೆಗೆ ಮಾತ್ರ ಸಾಧ್ಯ. ಆಣೆ ಯಾರಿಗೂ ಸಾಧ್ಯ. ದೋಷದ ಮೂಲ ನಡತೆಯಲ್ಲಿದೆ ಎಂದಾದ ಮೇಲೆ ಅದರ ಪರಿಹಾರವೂ ನಡತೆಯಲ್ಲೇ ಇರಬೇಕು. ಪುತಲೀಬಾಯಿ ಶಾಸ್ತ್ರ ಓದಿದವರಲ್ಲ. ಆದರೂ ಜಾತಿಯ ಯಜಮಾನನಿಗಿಂತ ಶಾಸ್ತ್ರದ ತಿರುಳಿಗೆ ಹತ್ತಿರವಿದ್ದರು. 1891ರಲ್ಲಿ ಗಾಂಧಿ ಮರಳಿ ಬಂದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ತಾಯಿ ಆ ಹೊತ್ತಿಗೆ ತೀರಿಕೊಂಡಿದ್ದರು.

ಪ್ರಾಯಶ್ಚಿತ್ತ ಮರಳಿ ಬಂದವನನ್ನು ಒಳಗೆ ಕರೆದುಕೊಳ್ಳುವ ದಾರಿ. ಹಲವು ಕಡೆ ಅದು ಹೊರಗಿಡುವ ಆಯುಧವಾಯಿತು. ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರ್ 1885ರಲ್ಲಿ ಭಾರತದ ಪರವಾಗಿ ಮಾತನಾಡಲು ಇಂಗ್ಲೆಂಡಿಗೆ ಹೋದರು. ಮುಂದಿನ ದಶಕಗಳಲ್ಲಿ ಕರಾವಳಿಯ ಸಾರಸ್ವತ ಸಮಾಜಗಳಲ್ಲಿ ವಿಲಾಯತಿಗೆ ಹೋಗಿಬಂದವರ ಜೊತೆ ಊಟ ಮಾಡಬಹುದೇ ಎಂಬ ವಿವಾದ ಮನೆಗಳನ್ನೇ ಎರಡು ಮಾಡಿತು. ಬಂಗಾಳದಲ್ಲಿ 1892ರ ಹೊತ್ತಿಗೆ ಹಿಂದೂ ಸಮುದ್ರಯಾನದ ಪರವಾಗಿ ಚಳವಳಿಯೇ ನಡೆದು, ಪಂಡಿತರ ಅಭಿಪ್ರಾಯಗಳನ್ನು ಸಂಗ್ರಹಿಸಲಾಯಿತು. ಎಲ್ಲಕ್ಕಿಂತ ನೋವಿನ ಪ್ರಸಂಗ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. ಮನೆದೇವತೆ ನಾಮಗಿರಿ ತಾಯಾರ್ ಕನಸಿನಲ್ಲಿ ಅಪ್ಪಣೆ ಕೊಟ್ಟಳೆಂದು ತಾಯಿ ಒಪ್ಪಿದ ಮೇಲೆ, 1914ರ ಮಾರ್ಚ್ 17ರಂದು ಅವರು ಮದರಾಸಿನಲ್ಲಿ ಹಡಗು ಹತ್ತಿದರು. ಕೇಂಬ್ರಿಜ್ಜಿನಲ್ಲಿ ಯುದ್ಧಕಾಲದ ಕೊರತೆಯಲ್ಲೂ ತಮ್ಮ ಅಡುಗೆ ತಾವೇ ಮಾಡಿಕೊಂಡರು. ಆಚಾರ ಬಿಡಲಿಲ್ಲ, ಆರೋಗ್ಯ ಬಿಟ್ಟುಹೋಯಿತು. 1919ರಲ್ಲಿ ಮರಳಿದಾಗ ರಾಮೇಶ್ವರಕ್ಕೆ ಹೋಗಿ ಶುದ್ಧಿ ಮಾಡಿಸಿಕೊಳ್ಳುವಷ್ಟು ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ತೀರಿಕೊಂಡಾಗ ಶುದ್ಧಿಯಾಗಿಲ್ಲವೆಂದು ಬಂಧುಗಳಲ್ಲಿ ಹಲವರು ಅಂತ್ಯಕ್ರಿಯೆಗೆ ಬರಲಿಲ್ಲ. ಊಟದ ನೇಮವನ್ನು ಅಷ್ಟು ಕಷ್ಟಪಟ್ಟು ಉಳಿಸಿಕೊಂಡವರನ್ನು ದಾಟಿದ ನೀರಿಗಾಗಿ ದೂರವಿಟ್ಟದ್ದು ಯಾವ ಶಾಸ್ತ್ರದ ಲೆಕ್ಕದಲ್ಲೂ ಧರ್ಮವಲ್ಲ.

ಯತಿಗಳ ವಿಷಯ ಬೇರೆಯೇ ವಿಚಾರಕ್ಕೆ ಅರ್ಹ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಪುತ್ತಿಗೆ ಮಠದ ಸುಗುಣೇಂದ್ರತೀರ್ಥರು ವಿದೇಶ ಸಂಚಾರ ಮಾಡಿದ್ದರಿಂದ, ಅವರು ಪರ್ಯಾಯದಲ್ಲಿ ಕೃಷ್ಣನ ವಿಗ್ರಹ ಮುಟ್ಟಿ ಪೂಜಿಸಬಹುದೇ ಎಂಬ ಆಕ್ಷೇಪ 2008ರ ಪರ್ಯಾಯದಲ್ಲಿ ದೊಡ್ಡದಾಗಿ ಎದ್ದಿತು, 2024ರಲ್ಲೂ ಕೇಳಿಬಂತು. ಎರಡು ಸಲವೂ ಅವರು ಪರ್ಯಾಯ ಪೀಠವೇರಿದರು. ಆಕ್ಷೇಪಿಸಿದವರ ವಾದವನ್ನು ಹಗುರಾಗಿ ತಳ್ಳುವಂತಿಲ್ಲ. ಗೃಹಸ್ಥನಿಗೆ ಇರುವ ವಿನಾಯಿತಿ ಯತಿಗಿಲ್ಲ. ಮಠದ ಕಟ್ಟಳೆಯನ್ನು ಒಪ್ಪಿ ದೀಕ್ಷೆ ಪಡೆದವರು ಅದನ್ನು ಉಳಿದವರ ಸಮ್ಮತಿಯಿಲ್ಲದೆ ಬದಲಿಸಬಾರದು ಎಂಬುದು ಆ ವಾದ. ಅದು ಸಂಸ್ಥೆಯ ಶಿಸ್ತಿನ ಮಾತು, ಆ ಮಟ್ಟಿಗೆ ಗೌರವಿಸಬೇಕಾದ್ದು. ಕಡಲ ದೋಷದ ಮಾತಾಗಿ ಮಾತ್ರ ಅದು ನಿಲ್ಲುವುದು ಕಷ್ಟ. ಉಡುಪಿಯ ಕೃಷ್ಣನೇ ಕಡಲ ದಾರಿಯಲ್ಲಿ ಬಂದವನು. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಾಗ ಮಧ್ವಾಚಾರ್ಯರು ದಡದಿಂದ ತಮ್ಮ ವಸ್ತ್ರ ಬೀಸಿ ಅದನ್ನು ಪಾರುಮಾಡಿದರು, ನಾವಿಕ ಕೊಟ್ಟ ಗೋಪೀಚಂದನದ ಹೆಂಟೆಯೊಳಗೆ ವಿಗ್ರಹವಿತ್ತು ಎಂಬುದು ಆ ಸಂಪ್ರದಾಯದ ನಂಬಿಕೆಯೇ. ಆಚಾರ್ಯರು ನಾವಿಕನ ಶುದ್ಧಿಯನ್ನು ಕೇಳಿದ ಮಾತು ಆ ಕಥೆಯಲ್ಲಿಲ್ಲ.

ಬೇರೆ ಧರ್ಮಗಳೂ ಹಡಗಿನ ಪ್ರಶ್ನೆಯನ್ನು ಎದುರಿಸಿವೆ. ಯೆಹೂದ್ಯರ ತಾಲ್ಮೂದ್ ಹಡಗು ಹತ್ತಬೇಡ ಎನ್ನುವುದಿಲ್ಲ; ಸಬ್ಬತ್ತಿಗೆ ಮೂರು ದಿನಕ್ಕಿಂತ ಕಡಿಮೆ ಉಳಿದಿರುವಾಗ ಹತ್ತಬೇಡ, ಧರ್ಮಕಾರ್ಯಕ್ಕಾದರೆ ಹತ್ತಬಹುದು ಎನ್ನುತ್ತದೆ. ಮುಸಲ್ಮಾನ ಪ್ರಯಾಣಿಕನಿಗೆ ನಮಾಜನ್ನು ಚಿಕ್ಕದು ಮಾಡುವ ಅನುಮತಿಯಿದೆ. ಹಡಗು ತೂಗಾಡಿ ನಿಲ್ಲಲಾಗದಿದ್ದರೆ ಕುಳಿತೇ ಮಾಡಬಹುದು. ಎರಡೂ ಕಡೆ ಪ್ರಶ್ನೆ ಹೋಗಬೇಕೋ ಬೇಡವೋ ಎಂಬುದಲ್ಲ. ಹೋದಾಗ ನೇಮವನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದು.

ಅಂಥ ಉತ್ತರ ನಮ್ಮ ಶಾಸ್ತ್ರದಲ್ಲೂ ಇದೆ. ಪರಾಶರಸ್ಮೃತಿ ದೇಶಕ್ಕೆ ಕೇಡು ಬಂದಾಗ, ಪ್ರವಾಸದಲ್ಲಿ, ರೋಗದಲ್ಲಿ, ವಿಪತ್ತಿನಲ್ಲಿ ಮೊದಲು ದೇಹವನ್ನು ಕಾಪಾಡಿಕೊಂಡು ಆಮೇಲೆ ಧರ್ಮವನ್ನು ಆಚರಿಸಬೇಕೆಂದು ಹೇಳುತ್ತದೆ. ಈ ಸ್ಮೃತಿಗೆ ವಿಜಯನಗರದ ಆರಂಭಕಾಲದಲ್ಲಿ ಮಾಧವಾಚಾರ್ಯರು ಬರೆದ 'ಪರಾಶರಮಾಧವೀಯ' ದಕ್ಷಿಣದ ಆಚಾರಕ್ಕೆ ಆಧಾರಗ್ರಂಥಗಳಲ್ಲಿ ಒಂದು. ಹೀಗಾಗಿ ಹಡಗು ಹತ್ತುವ ಆಚಾರವಂತರು ಮೊದಲೇ ಮಾಡಿಕೊಳ್ಳಬೇಕಾದ ವ್ಯವಸ್ಥೆ ದೊಡ್ಡದೇನಲ್ಲ. ಮನೆಯ ತಿಥಿ, ಶ್ರಾದ್ಧ ಬರುವ ದಿನಗಳನ್ನು ಪಂಚಾಂಗದಲ್ಲಿ ನೋಡಿ ಪ್ರಯಾಣ ಗೊತ್ತುಮಾಡುವುದು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಾದರೆ ಟಿಕೆಟ್ ಮಾಡಿಸುವಾಗಲೇ ಬರೆಸುವುದು. ಗಾಂಧಿಯಂತೆ ಸಂಕೋಚಪಡದೆ ಬಡಿಸುವವರನ್ನು ಕೇಳುವುದು. ಹಡಗಿನ ಗಡಿಯಾರ ಹಿಂದು ಮುಂದಾದರೂ ಸಂಧ್ಯೆಗೆ ಸೂರ್ಯನೇ ಸಾಕ್ಷಿ, ಮತ್ತು ಕಡಲಿನಲ್ಲಿ ಸೂರ್ಯ ಹುಟ್ಟುವುದು ಮುಳುಗುವುದು ಊರಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟನ್ನು ಉಳಿಸಿಕೊಂಡವನಿಗೆ ಪ್ರಾಯಶ್ಚಿತ್ತದ ಹಂಗಿಲ್ಲ. ನೇಮ ತಪ್ಪಿದವನು ಊರಿನಲ್ಲೇ ಇದ್ದರೂ ಪ್ರಾಯಶ್ಚಿತ್ತ ಅವನಿಗೆ ತಪ್ಪಿದ್ದಲ್ಲ.

ವಾದಗಳು ಗ್ರಂಥಗಳಲ್ಲಿ ಮುಗಿದಿಲ್ಲ, ರೂಢಿಯಲ್ಲಿ ಮುಗಿದಿವೆ. ಕಡಲಾಚೆ ಹತ್ತಾರು ವರ್ಷ ಇದ್ದು ಬಂದ ಮಕ್ಕಳು ಊರಿನಲ್ಲಿ ತಂದೆಯ ಶ್ರಾದ್ಧಕ್ಕೆ ಕೂರುತ್ತಾರೆ, ಪಿಂಡ ಇಡುತ್ತಾರೆ, ಮಾಡಿಸುವವರು ಮಾಡಿಸುತ್ತಾರೆ. ಪುರೋಹಿತರೂ ಕಡಲು ದಾಟಿದ್ದಾರೆ. ಅಮೆರಿಕದ ಕನ್ನಡ ಮನೆಗಳಲ್ಲಿ ಸತ್ಯನಾರಾಯಣ ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪ ಎಂದು ಹೇಳಿಸಿ, ಅದೇ ವೈಶ್ಯನ ದೋಣಿಯ ಕಥೆಯನ್ನು ಓದುತ್ತಾರೆ.